ಆಪರೇಷನ್ ನಂತರದ ನೋವಿಗೆ ಅಕ್ಯುಪಂಕ್ಚರ್, ಟೆನ್ಸ್ ಯಂತ್ರ, ಐಸು: ಮಲೆನಾಡಿನ ಮನೆಗೆ ಯಾವುದು ಹೊಂದುತ್ತದೆ?

ಶಿವಮೊಗ್ಗದಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡು ತೀರ್ಥಹಳ್ಳಿಯಾಚೆಯ ಮನೆಗೆ ಬಂದವರನ್ನು ನೋಡಲು ಬರುವವರೆಲ್ಲ ಒಂದೊಂದು ಸಲಹೆ ತಂದೇ ಬರುತ್ತಾರೆ. ‘ಮಾತ್ರೆ ಜಾಸ್ತಿ ತಗೋಬೇಡಿ, ಕಿಡ್ನಿ ಹಾಳಾಗುತ್ತೆ’ ಅಂತ ಒಬ್ಬರು. ‘ಅಕ್ಯುಪಂಕ್ಚರ್ ಮಾಡಿಸಿ, ವಾರಕ್ಕೆ ಎದ್ದು ಓಡಾಡ್ತೀರಿ’ ಅಂತ ಇನ್ನೊಬ್ಬರು. ಬೆಂಗಳೂರಿನಲ್ಲಿರುವ ಮಗ ಆನ್‌ಲೈನ್‌ನಲ್ಲಿ ಟೆನ್ಸ್ ಯಂತ್ರ, ಅಂದರೆ ನೋವಿರುವ ಕಡೆ ಚರ್ಮಕ್ಕೆ ಸಣ್ಣ ಕರೆಂಟ್ ಹರಿಸುವ ಯಂತ್ರ, ಕಳಿಸುತ್ತಾನೆ. ಹಾಸಿಗೆಯಲ್ಲಿ ಇರುವವರಿಗೆ ಬೇಕಾಗಿರುವುದು ಇಷ್ಟೇ: ರಾತ್ರಿ ನಿದ್ದೆ ಬರಬೇಕು, ಬೆಳಿಗ್ಗೆ ಬಚ್ಚಲಿಗೆ ತಾವೇ ನಡೆದು ಹೋಗುವಂತಾಗಬೇಕು.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಅಕ್ಯುಪಂಕ್ಚರ್, ಅಂದರೆ ಮೈಯ ಕೆಲವು ಜಾಗಗಳಿಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ, ಅದರಿಂದ ಉಪಯೋಗ ಇದೆ, ಆದರೆ ಸ್ವಲ್ಪವೇ. ಮಾತ್ರೆಯ ಜೊತೆಗೆ ಅದನ್ನು ಸೇರಿಸಿಕೊಳ್ಳಬಹುದು, ಮಾತ್ರೆ ಬಿಟ್ಟು ಅದನ್ನೇ ನಂಬಿ ಕೂರುವಂತಿಲ್ಲ. ಆಸ್ಪತ್ರೆಯಲ್ಲಿ ಇರುವಾಗಲೇ ಮಂಚದ ಹತ್ತಿರ ಬಂದು ಸೂಜಿ ಹಾಕುವ ಡಾಕ್ಟರ್ ಸಿಕ್ಕರೆ, ಸರ್ಜನ್ ಒಪ್ಪಿದರೆ, ಹಾಕಿಸಿಕೊಳ್ಳಿ. ಮನೆಗೆ ಬಂದ ಮೇಲಿನ ಮೊದಲ ಎರಡು ಮೂರು ವಾರ ಬರೀ ಸೂಜಿಗೋಸ್ಕರ ಪೇಟೆಗೆ ಅಲೆಯಬೇಡಿ. ಆ ಹೊತ್ತಿಗೆ ಟೆನ್ಸ್, ಐಸು, ಹೇಳಿಕೊಟ್ಟ ವ್ಯಾಯಾಮ ಸಾಕು. ಗಾಯ ಒಣಗಿ ತಿಂಗಳುಗಳಾದರೂ ನೋವು ಹೋಗದಿದ್ದರೆ ಆಗ ಸೂಜಿಯ ವಿಚಾರ ಮತ್ತೆ ತೆಗೆಯಿರಿ.

ಮಾತ್ರೆ ಇರಲೇಬೇಕು

ಇದನ್ನು ಬೇಗ ಮುಗಿಸುತ್ತೇನೆ. ಆಪರೇಷನ್ ಆದ ಮೊದಲ ದಿನಗಳಲ್ಲಿ ನೋವಿನ ಔಷಧಿಯನ್ನು ಗಡಿಯಾರ ನೋಡಿ ತೆಗೆದುಕೊಳ್ಳಬೇಕು, ನೋವು ಬಂದ ಮೇಲೆ ಅಲ್ಲ. ‘ತಡೆದುಕೊಳ್ತೀನಿ, ಪರವಾಗಿಲ್ಲ’ ಅಂತ ಹಲ್ಲು ಕಚ್ಚಿ ಕೂತವರಿಗೆ ರಾತ್ರಿ ಎರಡು ಗಂಟೆಗೆ ನೋವು ಏರಿಬಿಡುತ್ತದೆ. ಆಮೇಲೆ ಅದನ್ನು ಇಳಿಸಲು ಜಾಸ್ತಿ ಔಷಧಿಯೇ ಬೇಕಾಗುತ್ತದೆ.

ಸಾಮಾನ್ಯವಾಗಿ ಬರೆದುಕೊಡುವುದು ಪ್ಯಾರಾಸಿಟಮಾಲ್. ಲಿವರ್ ಚೆನ್ನಾಗಿರುವ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಅದರ ಮೇಲಿನ ಮಿತಿ. ಜೊತೆಗೆ ಊತ ಇಳಿಸುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆ. ನೋವು ಜೋರಿದ್ದರೆ ಟ್ರಮಡಾಲ್. ಈಗ ಮಂಡಿ, ಸಿಸೇರಿಯನ್, ಹರ್ನಿಯಾಗಳಿಗೆ ಅರಿವಳಿಕೆ ಡಾಕ್ಟರು ನರದ ಹತ್ತಿರವೇ ಇಂಜೆಕ್ಷನ್ ಕೊಟ್ಟು ಆ ಜಾಗವನ್ನು ಮರಗಟ್ಟಿಸುವುದೂ ಉಂಟು. ಆಪರೇಷನ್‌ಗೆ ಮೊದಲು ‘ನರಕ್ಕೆ ಬ್ಲಾಕ್ ಕೊಡ್ತೀರಾ ಡಾಕ್ಟ್ರೇ?’ ಅಂತ ಒಂದು ಮಾತು ಕೇಳಿ. ಇಲ್ಲಿ ಹೇಳುವ ಬೇರೆ ಯಾವುದಕ್ಕಿಂತಲೂ ಮೊದಲ ರಾತ್ರಿ ಅದೇ ಜಾಸ್ತಿ ಕೆಲಸ ಮಾಡುತ್ತದೆ.

ಹಾಗಾದರೆ ಬೇರೆ ಚಿಕಿತ್ಸೆ ಸೇರಿಸುವ ಮಾತು ಯಾಕೆ? ಟ್ರಮಡಾಲ್, ಮಾರ್ಫಿನ್ ತೆಗೆದುಕೊಂಡರೆ ಹಲವರಿಗೆ ವಾಕರಿಕೆ, ತಲೆಸುತ್ತು, ಮಲಬದ್ಧತೆ. ಡೈಕ್ಲೋಫಿನಾಕ್ ಜಾತಿಯದ್ದು ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇರುವವರಿಗೆ ಆಗಿಬರುವುದಿಲ್ಲ. ವಯಸ್ಸಾದವರಲ್ಲಿ ಎಷ್ಟು ಜನಕ್ಕೆ ಎರಡೂ ಕಷ್ಟ, ನೋಡಿ. ಔಷಧಿ ಕಡಿಮೆ ಮಾಡಲು ದಾರಿ ಬೇಕಾಗುವುದು ಇಂಥವರಿಗೆ.

ಸೂಜಿ ಹಾಕಿದಾಗ ಏನಾಗುತ್ತದೆ

ಅಕ್ಯುಪಂಕ್ಚರ್ ಸೂಜಿ ಅಂದ ತಕ್ಷಣ ಇಂಜೆಕ್ಷನ್ ಸೂಜಿ ಕಣ್ಣಿಗೆ ಬರುತ್ತದೆ. ಹಾಗಿಲ್ಲ. ಇದು ಟೊಳ್ಳಲ್ಲ, ಗಟ್ಟಿ ತಂತಿ. ದಪ್ಪ ಹೆಚ್ಚಾಗಿ ಕಾಲು ಮಿಲಿಮೀಟರ್ ಆಸುಪಾಸು. ಸೀಲ್ ಮಾಡಿದ ಪೊಟ್ಟಣ ಹರಿದು ತೆಗೆಯುತ್ತಾರೆ. ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಚರ್ಮದ ಮೇಲೆ ನಿಲ್ಲಿಸಿ, ಅದರೊಳಗಿಂದ ಇಣುಕುವ ಸೂಜಿಯ ತಲೆಯನ್ನು ಬೆರಳಿನಿಂದ ತಟ್ಟುತ್ತಾರೆ. ಚುಚ್ಚಿದ್ದು ಗೊತ್ತಾಗುವಷ್ಟರಲ್ಲಿ ಕೊಳವೆ ತೆಗೆದಾಗಿರುತ್ತದೆ. ಆಮೇಲೆ ಸೂಜಿಯನ್ನು ಸ್ವಲ್ಪ ಒಳಗೆ ತಳ್ಳಿ ಬೆರಳ ತುದಿಯಲ್ಲಿ ತಿರುವುತ್ತಾರೆ. ಆಗ ಒಂಥರಾ ಭಾರ, ಜೋಮು, ಮಂದ ನೋವು ಸುತ್ತ ಹರಡುತ್ತದೆ. ಅದು ಬಂದರೆ ಸೂಜಿ ಸರಿಯಾಗಿ ಕೂತಿದೆ ಅಂತ ಲೆಕ್ಕ. 20ರಿಂದ 30 ನಿಮಿಷ ಹಾಗೇ ಬಿಟ್ಟು ತೆಗೆಯುತ್ತಾರೆ. ಹೊಲಿಗೆಯ ಮೇಲೆ ಯಾರೂ ಚುಚ್ಚುವುದಿಲ್ಲ. ಮಂಡಿ ಆಪರೇಷನ್ ಆದವರಿಗೆ ಪಾದ, ಕೈ, ಕಿವಿ, ಇನ್ನೊಂದು ಕಾಲು, ಹೀಗೆ ದೂರದ ಜಾಗಗಳಲ್ಲಿ ಹಾಕುತ್ತಾರೆ. ಸೂಜಿಗಳಿಗೆ ಸಣ್ಣ ಕರೆಂಟ್ ಜೋಡಿಸುವ ಪದ್ಧತಿಯೂ ಇದೆ.

ಇದು ಬರೀ ನಂಬಿಕೆಯಾ? ಪೂರ್ತಿ ಹಾಗಲ್ಲ. ಸೂಜಿ ಚುಚ್ಚಿದಾಗ ನಮ್ಮ ಮೈಯೇ ಮಾರ್ಫಿನ್‌ನಂಥ ವಸ್ತುಗಳನ್ನು ಬಿಡುಗಡೆ ಮಾಡುತ್ತದೆ ಅನ್ನುವುದಕ್ಕೆ 1970ರ ದಶಕದಿಂದಲೂ ಪುರಾವೆ ಸಿಕ್ಕಿದೆ. ಮಾರ್ಫಿನ್‌ನ ಪರಿಣಾಮ ತಡೆಯುವ ನಲಾಕ್ಸೋನ್ ಕೊಟ್ಟು ನೋಡಿದಾಗ ಸೂಜಿಯಿಂದ ಬಂದ ಆರಾಮವೂ ಇಳಿದಿತ್ತು. ಆದರೆ ಹೋಲಿಸಿ ನೋಡಲೆಂದು ಸುಳ್ಳು ಸೂಜಿ (ನಿಜವಾದ ಚಿಕಿತ್ಸೆಯಂತೆ ಕಾಣುವ ಬರೀ ತೋರಿಕೆಯದ್ದು) ಹಾಕಿದವರಿಗೂ ಎಷ್ಟೋ ಸಲ ಆರಾಮ ಆಗುತ್ತದೆ, ಇದನ್ನೂ ಮರೆಯುವಂತಿಲ್ಲ. ನಿಜವಾದ ಸೂಜಿಗೂ ಸುಳ್ಳು ಸೂಜಿಗೂ ಇರುವ ಅಂತರ ಸಣ್ಣದು.

ಇಲ್ಲೊಂದು ಹಳೇ ಕತೆ ಬರುತ್ತದೆ. ‘ಚೀನಾದಲ್ಲಿ ಅಮೆರಿಕದ ಪತ್ರಕರ್ತನಿಗೆ ಬರೀ ಸೂಜಿ ಚುಚ್ಚಿ ಹೊಟ್ಟೆ ಆಪರೇಷನ್ ಮಾಡಿದರಂತೆ’ ಅಂತ. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್‌ಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ತೆಗೆದದ್ದು ನಿಜ. ಆದರೆ ಆಪರೇಷನ್‌ಗೆ ಕೊಟ್ಟದ್ದು ಎಲ್ಲ ಕಡೆ ಕೊಡುವಂಥ ಅರಿವಳಿಕೆ ಇಂಜೆಕ್ಷನ್ನೇ. ಸೂಜಿ ಹಾಕಿದ್ದು ಆಮೇಲೆ, ಎರಡನೇ ರಾತ್ರಿ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ. ಬಲ ಮೊಣಕೈಗೆ, ಮಂಡಿಗಳ ಕೆಳಗೆ, ಒಟ್ಟು ಮೂರು ಸೂಜಿ. ಅವರಿಗೆ ಸಮಾಧಾನ ಆಯಿತು, ಅದನ್ನೇ ಪತ್ರಿಕೆಯಲ್ಲಿ ಬರೆದರು. ಅಂದರೆ ಆ ಕತೆಯಲ್ಲೂ ಸೂಜಿ ಬಂದದ್ದು ಜೊತೆಯ ಚಿಕಿತ್ಸೆಯಾಗಿಯೇ.

ಅಂಕಿ ಬೇಕೆನ್ನುವವರಿಗೆ ಎರಡು ಮಾತು. 2008ರಲ್ಲಿ 15 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸೂಜಿ ಮತ್ತು ಅದರ ಜಾತಿಯ ಚಿಕಿತ್ಸೆ ಪಡೆದವರಿಗೆ ಮೊದಲ ಒಂದು ದಿನದಲ್ಲಿ ಮಾರ್ಫಿನ್ ಸುಮಾರು 8 ಮಿಲಿಗ್ರಾಂ ಕಡಿಮೆ ಸಾಕಾಗಿತ್ತು. ವಾಕರಿಕೆ, ತಲೆಸುತ್ತೂ ಕಡಿಮೆ. 2017ರಲ್ಲಿ ಮಂಡಿ ಬದಲಾವಣೆಯ 39 ಪ್ರಯೋಗಗಳನ್ನು ಜಾಲಾಡಿದ ಇನ್ನೊಂದು ವಿಮರ್ಶೆ ಬಂತು. ಅದರಲ್ಲಿ ಸೂಜಿ ಹಾಕಿಸಿಕೊಂಡವರು ಮೊದಲ ಸಲ ಮಾರ್ಫಿನ್ ಜಾತಿಯ ಔಷಧಿ ಕೇಳಿದ್ದು ಉಳಿದವರಿಗಿಂತ ಮುಕ್ಕಾಲು ಗಂಟೆ ತಡವಾಗಿ. ಮುಕ್ಕಾಲು ಗಂಟೆ! ಜಾಹೀರಾತಿನಲ್ಲಿ ‘ನೋವು ಮಾಯ’ ಅಂತ ಓದಿದಾಗ ಈ ಮುಕ್ಕಾಲು ಗಂಟೆಯನ್ನು ನೆನಪಿಸಿಕೊಳ್ಳಿ.

ಟೆನ್ಸ್: ಬ್ಯಾಟರಿಯ ಮೇಲೆ ನಡೆಯುವುದೇ ಅದರ ದೊಡ್ಡಸ್ತಿಕೆ

ಟೆನ್ಸ್ ಅಂದರೆ ಅಂಗೈ ಅಗಲದ ಯಂತ್ರ, ಎರಡು ಅಥವಾ ನಾಲ್ಕು ಅಂಟುಪಟ್ಟಿ. ಪಟ್ಟಿಗಳ ನಡುವೆ ಚರ್ಮದಲ್ಲಿ ಸಣ್ಣ ಕರೆಂಟ್ ಹರಿದು ಜುಮುಜುಮು ಅನ್ನಿಸುತ್ತದೆ. ಆ ಜುಮುಜುಮು ಸುದ್ದಿ ನರದಲ್ಲಿ ಮೊದಲು ಓಡಿ, ನೋವಿನ ಸುದ್ದಿಗೆ ದಾರಿ ಕಡಿಮೆ ಮಾಡುತ್ತದೆ. ಮೇಲೆ ಹೇಳಿದ 2017ರ ವಿಮರ್ಶೆಯಲ್ಲಿ ಕರೆಂಟಿನ ಚಿಕಿತ್ಸೆ ಪಡೆದವರಿಗೂ ಬಲವಾದ ಔಷಧಿ ಕಡಿಮೆ ಬೇಕಾಗಿತ್ತು.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಹೆದರಿ ಯಂತ್ರವನ್ನು ಒಂದು, ಎರಡಕ್ಕೇ ಇಟ್ಟು ‘ಏನೂ ಉಪಯೋಗ ಇಲ್ಲ’ ಅಂತ ಪೆಟ್ಟಿಗೆಗೆ ಹಾಕುತ್ತಾರೆ. 2003ರಲ್ಲಿ 21 ಪ್ರಯೋಗಗಳನ್ನು ಸೇರಿಸಿ ನೋಡಿದಾಗ ಇದೇ ಕಂಡದ್ದು: ಜೋರಾಗಿ, ಆದರೆ ನೋವಾಗದಷ್ಟು ಇಟ್ಟವರಿಗೆ ನೋವಿನ ಮಾತ್ರೆ ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು. ಸುಮ್ನೆ ಕಚಗುಳಿ ಇಡುವಷ್ಟು ಇಟ್ಟವರಿಗೆ ಹೆಚ್ಚೇನೂ ಆಗಿರಲಿಲ್ಲ. ಆದ್ದರಿಂದ ‘ಇನ್ನು ಸ್ವಲ್ಪ ಏರಿಸಿದರೆ ನೋಯುತ್ತೆ’ ಅನ್ನುವ ಜಾಗದವರೆಗೆ ನಿಧಾನ ಏರಿಸಿ ಅಲ್ಲಿಗೆ ನಿಲ್ಲಿಸಬೇಕು. ಮೈ ಒಗ್ಗಿಕೊಂಡ ಹಾಗೆ ಮತ್ತೆ ಸ್ವಲ್ಪ ಏರಿಸಬೇಕು. ಪಟ್ಟಿಗಳು ಹೊಲಿಗೆಯ ಎರಡೂ ಪಕ್ಕ, ಎರಡು ಬೆರಳಷ್ಟು ದೂರ. ಗಾಯದ ಮೇಲೆ, ಮರಗಟ್ಟಿದ ಚರ್ಮದ ಮೇಲೆ, ಕತ್ತಿನ ಮುಂಭಾಗದಲ್ಲಿ ಬೇಡ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮುಟ್ಟಲೇಬೇಡಿ. ಮೊದಲ ಸಲ ಫಿಸಿಯೋಥೆರಪಿಸ್ಟ್ ಮುಂದೆಯೇ ಹಚ್ಚಿಸಿಕೊಂಡು ಕಲಿತರೆ ಒಳ್ಳೆಯದು.

ಮಲೆನಾಡಿನ ಲೆಕ್ಕದಲ್ಲಿ ಟೆನ್ಸ್ ಗೆಲ್ಲುವುದು ಇನ್ನೊಂದು ಕಾರಣಕ್ಕೆ. ಆಷಾಢದ ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದರೆ ಕರೆಂಟ್ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಫ್ರಿಜ್‌ನಲ್ಲಿ ಐಸು ಕಟ್ಟುವುದಿಲ್ಲ. ಟೆನ್ಸ್ ಮಾತ್ರ ಬ್ಯಾಟರಿಯ ಮೇಲೆ ನಡೆಯುತ್ತಲೇ ಇರುತ್ತದೆ. ಒಂದು ಜೊತೆ ಬ್ಯಾಟರಿ ಹೆಚ್ಚಿಗೆ ತಂದಿಡಿ. ಪಟ್ಟಿ ಹಚ್ಚುವ ಮೊದಲು ಚರ್ಮದ ಬೆವರು, ಎಣ್ಣೆ ಒರೆಸಿ. ಇಲ್ಲದಿದ್ದರೆ ಪಟ್ಟಿ ಅಂಟುವುದೇ ಇಲ್ಲ.

ರಸ್ತೆಯನ್ನೂ ತಕ್ಕಡಿಯಲ್ಲಿಡಿ

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ಸಾಗರದಿಂದ ಸುಮಾರು 70. ನಿಮ್ಮ ಮನೆ ಇರುವುದು ಪೇಟೆಯಲ್ಲಲ್ಲ, ಅಲ್ಲಿಂದ ಇನ್ನೂ ಒಳಗೆ, ಅಲ್ವಾ? ಬಾಡಿಗೆ ಕಾರಿನಲ್ಲಿ ಮಡಚಲಾಗದ ಕಾಲು ಚಾಚಿಕೊಂಡು, ಪ್ರತಿ ಗುಂಡಿಗೂ ಸೀಟು ಹಿಡಿದುಕೊಂಡು ಹೋಗಿ ಅರ್ಧ ಗಂಟೆ ಸೂಜಿ ಹಾಕಿಸಿಕೊಂಡು ಅದೇ ದಾರಿಯಲ್ಲಿ ವಾಪಸ್ ಬಂದರೆ, ಸೂಜಿ ಇಳಿಸಿದ ನೋವನ್ನು ರಸ್ತೆ ಮತ್ತೆ ಏರಿಸಿರುತ್ತದೆ. ಅದೂ ಒಂದೇ ಸಲಕ್ಕೆ ಮುಗಿಯುವ ಚಿಕಿತ್ಸೆಯಲ್ಲ. ವಾರಕ್ಕೆ ಎರಡು ಮೂರು ಸಲ ಬನ್ನಿ ಅನ್ನುತ್ತಾರೆ. ಮಂಡಿ, ಸೊಂಟದ ಆಪರೇಷನ್ ಆದವರು ಬಹಳ ಹೊತ್ತು ಕಾಲು ಇಳಿಬಿಟ್ಟು ಕೂತರೆ ರಕ್ತ ಹೆಪ್ಪುಗಟ್ಟುವ ಭಯವೂ ಇದೆ.

ಶಿವಮೊಗ್ಗ, ಭದ್ರಾವತಿ ಪೇಟೆಯೊಳಗೇ ಮನೆ ಇರುವವರಿಗೆ ಈ ಲೆಕ್ಕ ಬೇರೆ. ಆಟೋದಲ್ಲಿ ಹತ್ತು ನಿಮಿಷ ಅನ್ನುವುದಾದರೆ ಸೂಜಿಯೂ ಟೆನ್ಸೂ ಹೆಚ್ಚು ಕಡಿಮೆ ಸಮ. ಆಗ ನಿಮಗೆ ಯಾವುದು ಹಿಡಿಸುತ್ತದೋ ಅದು. ಖರ್ಚಿನ ಮಾತಿಗೆ ಬಂದರೆ ಟೆನ್ಸ್‌ಗೆ ಒಮ್ಮೆ ಕೊಟ್ಟರೆ ಮುಗಿಯಿತು, ಮುಂದೆ ಬೆನ್ನುನೋವಿಗೂ ಆದೀತು. ಸೂಜಿಗೆ ಪ್ರತಿ ಸಲವೂ ಫೀಸು. ದಾಖಲಾಗದೆ ಹೋಗಿಬಂದು ಮಾಡಿಸುವ ಸೂಜಿ ಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ, ಪಾಲಿಸಿ ತೆಗೆದು ನೋಡಿಕೊಳ್ಳಿ.

ವಾಕರಿಕೆಗೆ ಮಣಿಕಟ್ಟಿನ ಬಿಂದು

ಈ ಎಲ್ಲದರಲ್ಲಿ ನನಗೆ ತುಂಬ ಇಷ್ಟವಾದದ್ದು ಇದು. ಖರ್ಚಿಲ್ಲ, ಸೂಜಿಯೂ ಬೇಡ. ಅರಿವಳಿಕೆ ಇಳಿದ ಮೇಲೆ ಬರುವ ವಾಂತಿ, ವಾಕರಿಕೆಗೆ ಮಣಿಕಟ್ಟಿನ ಒಳಭಾಗದ ಒಂದು ಬಿಂದುವನ್ನು ಒತ್ತುವುದು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆಯಲ್ಲಿ 59 ಪ್ರಯೋಗ, 7,667 ರೋಗಿಗಳ ಲೆಕ್ಕ ಇದೆ. ವಾಂತಿ ತಡೆಯುವ ಔಷಧಿಗೂ ಈ ಬಿಂದುವಿನ ಚಿಕಿತ್ಸೆಗೂ ಹೇಳಿಕೊಳ್ಳುವ ವ್ಯತ್ಯಾಸ ಅಲ್ಲಿ ಕಾಣಲಿಲ್ಲ. ನೋವಿನ ವಿಚಾರದಲ್ಲಿ ಇಷ್ಟು ಗಟ್ಟಿ ಪುರಾವೆ ಇಲ್ಲ.

ಹುಡುಕುವುದು ಹೀಗೆ. ಅಂಗೈ ಮೇಲೆ ಮಾಡಿ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ರೋಗಿಯದೇ ಇನ್ನೊಂದು ಕೈಯ ಮೂರು ಬೆರಳು ಅಡ್ಡ ಇಡಿ. ಮೂರನೇ ಬೆರಳು ಮುಗಿಯುವಲ್ಲಿ, ನಡುವೆ ಎರಡು ಹುರಿಯಂಥ ಸ್ನಾಯುಬಳ್ಳಿ ಸಿಗುತ್ತವೆ. ಮುಷ್ಟಿ ಸ್ವಲ್ಪ ಬಿಗಿ ಮಾಡಿದರೆ ಎದ್ದು ಕಾಣುತ್ತವೆ. ಅವೆರಡರ ನಡುವಿನ ತಗ್ಗೇ ಜಾಗ. ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಗಟ್ಟಿಯಾಗಿ ಒತ್ತಿ, ಬಿಡಿ, ಮತ್ತೆ ಒತ್ತಿ. ಆ ಕೈಗೆ ಡ್ರಿಪ್ ಹಾಕಿದ್ದರೆ ಇನ್ನೊಂದು ಕೈ. ಜೊತೆಗೆ ಕೂತವರಿಗೂ ಏನೋ ಮಾಡಿದ ಸಮಾಧಾನ ಸಿಗುತ್ತದೆ. ಆಸ್ಪತ್ರೆಯಲ್ಲಿ ರಾತ್ರಿ ಕಾಯುವವರಿಗೆ ಅದೂ ಬೇಕು.

ಯಾವ ಆಪರೇಷನ್‌ಗೆ ಯಾವುದು

ಮಂಡಿ ಬದಲಾವಣೆಯ ನೋವು ಜೋರು, ದಿನಗಳೂ ಜಾಸ್ತಿ. ಆದರೂ ಕಾಲು ಮಡಚುವ ವ್ಯಾಯಾಮ ಬಿಡುವಂತಿಲ್ಲ. ಆದ್ದರಿಂದ ಇಲ್ಲಿ ಕ್ರಮವೇ ಮುಖ್ಯ: ಮಾತ್ರೆ ನುಂಗಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು, ಟೆನ್ಸ್ ಹಚ್ಚಿಕೊಂಡೇ ವ್ಯಾಯಾಮ, ಆಮೇಲೆ ಬಟ್ಟೆಯಲ್ಲಿ ಸುತ್ತಿದ ಐಸು 15ರಿಂದ 20 ನಿಮಿಷ. ಐಸಿನ ಪುರಾವೆ ಬಲವಾದದ್ದೇನಲ್ಲ, ಆದರೆ ಅಗ್ಗ, ಹಿತ. ಸೂಜಿ ಹಾಕಿಸುವುದಾದರೆ ಆಸ್ಪತ್ರೆಯ ದಿನಗಳಲ್ಲೇ. ಮಂಡಿ ಆಪರೇಷನ್ ಆದವರಿಗೆ ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಟ್ಟಿರುತ್ತಾರೆ. ಅದನ್ನು ಸೂಜಿ ಹಾಕುವವರಿಗೆ ಮೊದಲೇ ಹೇಳಬೇಕು.

ಸಿಸೇರಿಯನ್ ಆದ ಬಾಣಂತಿಗೆ ಸೂಜಿಯ ಪರವಾಗಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಹಾಲೂಡಿಸುವ ತಾಯಿಗೆ ಟ್ರಮಡಾಲ್ ಬೇಡ ಅಂತ ಅಮೆರಿಕದ ಔಷಧ ನಿಯಂತ್ರಕರು 2017ರಲ್ಲೇ ಎಚ್ಚರಿಸಿದ್ದಾರೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಲ್ಲೇ ಹೊಂದಿಸಿಕೊಳ್ಳಬೇಕು. ಜರ್ಮನಿಯಲ್ಲಿ 180 ತಾಯಂದಿರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೂಜಿ ಹಾಕಿಸಿಕೊಂಡವರಿಗೆ ಮೊದಲ ದಿನ ಓಡಾಡುವಾಗಿನ ನೋವು ಕಡಿಮೆ ಇತ್ತು, ಅಂದೇ ಎದ್ದು ನಡೆದವರೂ ಜಾಸ್ತಿ. ನಮ್ಮ ಕಡೆ ಬಾಣಂತಿಯನ್ನು ಮಲಗಿಸಿಯೇ ಇಡುವ ರೂಢಿ ಇದೆಯಲ್ಲ, ಅದಕ್ಕಿಂತ ಬೇಗ ಎದ್ದು ನಾಲ್ಕು ಹೆಜ್ಜೆ ಹಾಕುವುದು ಒಳ್ಳೆಯದು. ಅಜ್ಜಿಯಂದಿರು ಬೈದುಕೊಂಡರೂ ಸರಿ.

ಪಿತ್ತಕೋಶ, ಹರ್ನಿಯಾ ಆಪರೇಷನ್ ತೂತು ಮಾಡಿ ಮಾಡಿದ್ದಾದರೆ ಹೆಚ್ಚಿನದ್ದೇನೂ ಬೇಡ. ಎರಡು ಮೂರು ದಿನ ಮಾತ್ರೆ, ವಾಕರಿಕೆ ಇದ್ದರೆ ಮಣಿಕಟ್ಟು. ಹೆಗಲಲ್ಲಿ ಬರುವ ನೋವು ಹೊಟ್ಟೆಗೆ ತುಂಬಿದ ಗಾಳಿಯದ್ದು. ಓಡಾಡಿದರೆ ತಾನೇ ಹೋಗುತ್ತದೆ.

ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದು ಮೂಳೆಗೆ ರಾಡು, ಪ್ಲೇಟು ಹಾಕಿಸಿಕೊಂಡವರದ್ದು ಬೇರೆ ಪ್ರಶ್ನೆ. ಹಿಮ್ಮಡಿ, ಸೊಂಟ, ಬೆನ್ನುಹುರಿ, ಎಲ್ಲಿ ಏನಾಗಿದೆ ಅನ್ನುವುದರ ಮೇಲೆ ಹೋಗುತ್ತದೆ. ಲೋಹ ಇರುವ ಜಾಗಕ್ಕೆ ಆಳವಾಗಿ ಸೂಜಿ ಬೇಡ. ಟೆನ್ಸ್ ಕೂಡ ಸರ್ಜನ್‌ನ ಕೇಳಿಯೇ. ನಾಟಿ ವೈದ್ಯರ ಕಟ್ಟು, ಎಣ್ಣೆ ತಿಕ್ಕುವುದು ಆಪರೇಷನ್ ಆದ ಮೂಳೆಗೆ ಖಂಡಿತ ಬೇಡ.

ಸೂಜಿ ಯಾರ ಕೈಯಲ್ಲಿ

ಕೇಂದ್ರ ಆರೋಗ್ಯ ಇಲಾಖೆ 2003ರ ನವೆಂಬರ್‌ನಲ್ಲಿ ಅಕ್ಯುಪಂಕ್ಚರ್ ಅನ್ನು ಒಂದು ಚಿಕಿತ್ಸಾ ವಿಧಾನ ಅಂತ ಒಪ್ಪಿತು. ನೋಂದಾಯಿತ ವೈದ್ಯರು ಅಥವಾ ಸರಿಯಾದ ತರಬೇತಿ ಪಡೆದವರು ಮಾಡಬಹುದು. ನಮ್ಮಲ್ಲಿ ಬಿ.ಎನ್.ವೈ.ಎಸ್. ಓದಿದ ಪ್ರಕೃತಿ ಚಿಕಿತ್ಸೆಯ ಡಾಕ್ಟರುಗಳಿಗೆ ಇದು ಪಠ್ಯದಲ್ಲೇ ಇರುತ್ತದೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ವಾರಾಂತ್ಯದ ಶಿಬಿರದಲ್ಲಿ ಕಲಿತು ಬೋರ್ಡ್ ಹಾಕಿದವರೂ ಇದ್ದಾರೆ. ಸಾಮಾನ್ಯ ಬೆನ್ನುನೋವಿಗೆ ಅವರ ಹತ್ತಿರ ಹೋಗುವುದು ನಿಮ್ಮಿಷ್ಟ. ಹಸಿ ಗಾಯ ಇಟ್ಟುಕೊಂಡು ಹೋಗಬೇಡಿ. ಖಾಸಗಿ ಕ್ಲಿನಿಕ್ ಆದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆ.ಪಿ.ಎಂ.ಇ.) ಕಾಯ್ದೆಯ ನೋಂದಣಿ ಪತ್ರ ಗೋಡೆಯ ಮೇಲಿದೆಯಾ ನೋಡಿ.

ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಬೇಕು. ಮುಗಿದ ಮೇಲೆ ಸೂಜಿ ಡಬ್ಬಿಗೆ ಬೀಳಬೇಕು, ಸ್ಪಿರಿಟ್‌ನಲ್ಲಿ ಅದ್ದಿ ಎತ್ತಿಡುವಂತಿಲ್ಲ. ಇದನ್ನು ಕೇಳಲು ಸಂಕೋಚ ಬೇಡ. ಚೆನ್ನಾಗಿ ತರಬೇತಾದವರ ಕೈಯಲ್ಲಿ ಅಪಾಯ ತೀರಾ ಕಡಿಮೆ. ಬ್ರಿಟನ್‌ನಲ್ಲಿ 2001ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ 34,000ಕ್ಕೂ ಹೆಚ್ಚು ಚಿಕಿತ್ಸೆಗಳಲ್ಲಿ ಒಂದೂ ಗಂಭೀರ ತೊಂದರೆ ವರದಿಯಾಗಿರಲಿಲ್ಲ. ಎದೆ, ಬೆನ್ನಿನ ಮೇಲೆ ತಪ್ಪಾಗಿ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ತೂತಾಗುವುದು ಅಪರೂಪ, ಆದರೆ ಆಗಿದೆ.

ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಕಂಕುಳ ಗಂಟು ತೆಗೆದಿದ್ದರೆ ಆ ಕೈಗೆ ಸೂಜಿ ಬೇಡ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಕಡಿಮೆ ಇದ್ದರೆ ಬೇಡ. ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು ಸೇರಿಸಬೇಕು. ಚಳಿಗಾಲ ಶುರುವಾಗಿ ಮಳೆ ಹಿಡಿಯುವವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಹತ್ತಿರ ಮೊದಲು ಗುರುತಿಸಿದ ಆ ಜ್ವರದಲ್ಲೂ, ಡೆಂಗಿಯಲ್ಲೂ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ ಆಗಬಹುದು. ಆಪರೇಷನ್ ಆದವರಿಗೆ ಜ್ವರ ಬಂದರೆ ಸೂಜಿಯ ಮಾತು ಬಿಟ್ಟು ಮೊದಲು ರಕ್ತ ಪರೀಕ್ಷೆ. ಜ್ವರದ ನೆಪದಲ್ಲಿ ಡೈಕ್ಲೋಫಿನಾಕ್ ನುಂಗುವುದೂ ಬೇಡ.

ಮೀನಖಂಡ ಒಂದೇ ಕಾಲಲ್ಲಿ ಊದಿ ಬಿಗಿದುಕೊಂಡರೆ, ಹೊಲಿಗೆಯಿಂದ ಕೀವು ಬಂದರೆ, ಇಳಿಯುತ್ತಿದ್ದ ನೋವು ಇದ್ದಕ್ಕಿದ್ದಂತೆ ಏರಿದರೆ ಅದನ್ನು ಟೆನ್ಸ್, ಸೂಜಿಯಿಂದ ಅಡಗಿಸಲು ಹೋಗಬೇಡಿ. ಆಪರೇಷನ್ ಮಾಡಿದವರಿಗೇ ಫೋನ್ ಮಾಡಿ. ಉಸಿರು ಕಟ್ಟಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಮೂರು ತಿಂಗಳ ನಂತರ

ಗಾಯ ಒಣಗಿದೆ, ಎಕ್ಸ್‌ರೇ ಸರಿ ಇದೆ, ಆದರೂ ಮೂರು ತಿಂಗಳಿಗೂ ಮೀರಿ ನೋವು ಇದೆ ಅಂದರೆ ಅದನ್ನು ದೀರ್ಘಕಾಲದ ನೋವು ಅಂತ ಲೆಕ್ಕ ಹಾಕುತ್ತಾರೆ. ದೀರ್ಘಕಾಲದ ಮಂಡಿನೋವು, ಬೆನ್ನುನೋವುಗಳಲ್ಲಿ ಸೂಜಿಯ ಪರ ಪುರಾವೆ ಆಪರೇಷನ್ ಮರುದಿನದ ನೋವಿಗಿಂತ ಚೆನ್ನಾಗಿದೆ. ಈಗ ಪ್ರಯಾಣವೂ ಅಷ್ಟು ಕಷ್ಟವಲ್ಲ. ಸಾಗರದವರಿಗೆ ರೈಲೂ ಇದೆ. ಹೋಗುವ ಮೊದಲು ಒಂದು ವಾರ ಬೆಳಿಗ್ಗೆ, ರಾತ್ರಿ ನೋವಿಗೆ ಹತ್ತರಲ್ಲಿ ಎಷ್ಟು ಅಂತ ಕ್ಯಾಲೆಂಡರ್ ಮೇಲೆ ಬರೆದಿಡಿ. ಎಷ್ಟು ಮಾತ್ರೆ ನುಂಗಿದಿರಿ ಅನ್ನುವುದನ್ನೂ ಬರೆಯಿರಿ. ಆರು ಸಲ ಮಾಡಿಸಿದ ಮೇಲೆ ಆ ಅಂಕಿ, ಮಾತ್ರೆಯ ಲೆಕ್ಕ, ನಡೆಯುವ ದೂರ, ಮೂರರಲ್ಲಿ ಒಂದೂ ಬದಲಾಗದಿದ್ದರೆ ಏಳನೆಯದಕ್ಕೆ ದುಡ್ಡು ಕಟ್ಟಬೇಡಿ. ಹತ್ತು ಸಲದ ಪ್ಯಾಕೇಜ್ ಅಂತ ಮೊದಲೇ ದುಡ್ಡು ಕೇಳಿದರೆ, ‘ಒಂದೊಂದು ಸಲಕ್ಕೆ ಕೊಡ್ತೀನಿ’ ಅನ್ನಿ.